ಉಪ್ಪು ತಿಂದವಳು

ಇಪ್ಪತ್ತಾರು ವರ್ಷ ಕಡೀನಾದಲ್ಲಿ ಶಾಲೆಯ ಬಸ್ಸು ಓಡಿಸಿದ್ದೇನೆ,
ಎಂಬತ್ತರ ಗೆರೆಯನ್ನು ಮುಳ್ಳು ಒಮ್ಮೆಯೂ ದಾಟದಂತೆ.
ಪ್ರತಿ ಗೇಟಿಗೂ ನಿಂತು, ಮರೆತು ಬಂದ ಪ್ರತಿ ಟೊಪ್ಪಿಗೆಗೂ ಕಾದು.
ನಿಧಾನವೇ ನನ್ನ ಅನ್ನ.

ಹೋದದ್ದು ಬ್ರೆಡ್ಡಿಗೆ ಬೆಣ್ಣೆ ಹಚ್ಚಲು, ಅಷ್ಟೇ.
ಚಿಕ್ಕಪ್ಪನ ಮಗ ಲೈಲ್‌ನ ಬೆನ್ನು ಉಳುಕಿತ್ತು.
ಟ್ರೇಲರಿನ ಮೇಲೆ ಅವನ ಹೋಲ್ಡನ್,
ಹನ್ನೊಂದು ವರ್ಷ ಕೋಳಿಗಳು ಮೊಟ್ಟೆಯಿಟ್ಟ ಕಾರು,
ಈಗ ಒಳಗೆಲ್ಲ ಉಕ್ಕಿನ ಪಂಜರ, ಒಂದೇ ಸೀಟು.
'ನಾಲ್ಕೇ ದಿನ, ಗ್ವೆಂಡಾ. ನೊಣ ಓಡಿಸು, ಚಹಾ ಕಾಯಿಸು, ಸಾಕು.'

ಐರನ್ ನಾಬ್ ದಾಟಿದ ಮೇಲೆ ಡಾಂಬರು ಕೈಬಿಟ್ಟಿತು.
ಕೆಂಪು ಧೂಳು, ಮತ್ತೆ ಕೆಂಪು ಧೂಳು, ಸತ್ತ ಕಾಂಗರೂ ಒಂದು,
ಆಮೇಲೆ ಗುಡ್ಡದ ತಿರುವಿನಲ್ಲಿ
ಯಾರೋ ಆಕಾಶದ ಅಂಚು ಹರಿದು ಹಾಸಿದಂತೆ ಬಿಳಿ.
ಗೇರ್ಡ್ನರ್ ಸರೋವರ. ನೀರಿಲ್ಲದ ಸರೋವರ.
ಬಾಗಿ, ಬೆರಳಿಗೆ ಅಂಟಿಸಿಕೊಂಡು ನೆಕ್ಕಿದೆ.
ಅಲ್ಲಿಯೇ ಎಡವಿದ್ದು, ಈಗ ಅನ್ನಿಸುತ್ತದೆ.

ಉಪ್ಪಿನ ಮೇಲೆ ಒಂದು ಹನಿ ಎಣ್ಣೆ ಬೀಳಬಾರದು.
ಬೈಗುಳ ಎಷ್ಟು ಬೇಕಾದರೂ ಬೀಳಬಹುದು.
ಪ್ರತಿ ಕಾರಿನ ಕೆಳಗೂ ಯಾರದೋ ನಡುಮನೆಯ ಹಳೇ ಜಮಖಾನ,
ಅದರ ಮೇಲೆ ಮಂಡಿಯೂರಿದ ಒಬ್ಬ ಹಲ್ಲಿನ ಡಾಕ್ಟರು,
ಕುರಿಯ ಉಣ್ಣೆ ಕತ್ತರಿಸುವವನೊಬ್ಬ,
ಮತ್ತು ಎನಿಡ್ ಟ್ರೆಗೆನ್ಜಾ, ಎಪ್ಪತ್ತೆರಡು, ಸೊಂಟದ ಕೀಲು ಬದಲಿಸಿಕೊಂಡವಳು.
'ಮೊದಲ ಸಲವಾ?' ಎಂದಳು,
ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವಳನ್ನು ಕೇಳುವಂತೆ.

ಮೂರನೆಯ ಬೆಳಿಗ್ಗೆ ಲೈಲ್ ಏಳಲಾರ.
ಸರದಿ ಹಾಳಾಗುತ್ತದಲ್ಲ ಎಂದು ಎಲ್ಲರೂ ನನ್ನ ಕಡೆ ನೋಡಿದರು.
ಎನಿಡ್‌ಳ ಬೆಂಕಿಯಂಗಿ ತೊಡೆಗೆ ಬಿಗಿ, ತೋಳಿಗೆ ಸಡಿಲ.
ಕಣ್ಣಿಗೆ ಬಟ್ಟೆ ಕಟ್ಟಿ ಕೇಳಿದರು:
ಪ್ಯಾರಾಚೂಟು ಬಿಡುವುದೆಲ್ಲಿ? ಬೆಂಕಿ ಆರಿಸುವುದೆಲ್ಲಿ? ಪೆಟ್ರೋಲು ನಿಲ್ಲಿಸುವುದು?
ಮುಟ್ಟಿ ಮುಟ್ಟಿ ತೋರಿಸಿದೆ,
ಕರೆಂಟು ಹೋದ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣ ಹುಡುಕಿದಂತೆ.

ಆಮೇಲಿನದು ಹೇಳಲು ಬರುವುದಿಲ್ಲ.
ಮೊದಲ ಮೈಲಿಯೆಲ್ಲ ಸದ್ದು. ಎರಡನೆಯದರಲ್ಲಿ
ಸದ್ದು ಕೇಳುವುದೇ ನಿಂತಿತು.
ಕೈಯಲ್ಲಿ ಸ್ಟೀರಿಂಗು, ಈಗಷ್ಟೇ ಹಿಡಿದ ಮೀನು.
ಎದುರಿಗೆ ಗುಡ್ಡಗಳು ನೆಲ ಬಿಟ್ಟು ತೇಲುತ್ತಿದ್ದವು,
ಎಷ್ಟು ಓಡಿದರೂ ಹತ್ತಿರ ಬರಲೊಲ್ಲವು.
ಒಂದು ಗೇಟೂ ಇಲ್ಲ.
ಒಂದು ಮಗುವೂ ಕೈ ಎತ್ತಲಿಲ್ಲ.

ಡೇರೆಯ ಕಿಂಡಿಯಲ್ಲಿ ಬಸ್ ಟಿಕೆಟಿನಷ್ಟು ಚೀಟಿ ಕೊಟ್ಟರು:
ಗಂಟೆಗೆ ನೂರ ಹದಿನೇಳು ಮೈಲಿ, ಬಿಂದು ನಾಲ್ಕು ಸೊನ್ನೆ ಆರು.
'ಅಷ್ಟಕ್ಕೆ ನಮ್ಮ ತಳ್ಳುವ ಲಾರಿಯೂ ಹೋಗುತ್ತದೆ' ಎಂದು ಡಾಕ್ಟರು ನಕ್ಕ.
ನಾನೂ ನಕ್ಕೆ. ನಗುತ್ತಲೇ ಕೇಳಿದೆ:
ಮುಂದಿನ ಬಂಪರಿನ ಕೆಳಗೊಂದು ತಗಡು ಕಟ್ಟಿದರೆ?
ಎನಿಡ್ ಲೈಲ್‌ನತ್ತ ತಿರುಗಿದಳು. 'ಹೋಯಿತು. ಇವಳೂ ಹೋದಳು.'

ಸೋಮವಾರ ಬಸ್ಸಿನ ಬ್ರೇಕಿನಡಿ ಉಪ್ಪು ಕರಕರ ಅಂದಿತು.
ಎಂಬತ್ತು ಅಂದರೆ ಎಷ್ಟು ಉದ್ದವೆಂದು ಅವತ್ತೇ ತಿಳಿದದ್ದು.

ಮುತ್ತಜ್ಜಂದಿರು ಕಾರ್ನ್‌ವಾಲಿನಿಂದ ಬಂದು
ತಾಮ್ರಕ್ಕಾಗಿ ಕೆಳಗೆ, ಇನ್ನೂ ಕೆಳಗೆ ಅಗೆದರು.
ಅವರಿಗಾದರೂ ಸಂಬಳವಿತ್ತು.
ನಾನು ದೋಣಿ ಮಾರಿ ಬೆಂಕಿಯಂಗಿ ಕೊಂಡೆ, ನನ್ನದೇ ಅಳತೆಯದು.
ಗಂಡ ಒಂದು ವಾರ ಮಾತಾಡಲಿಲ್ಲ.
ದೋಣಿ ಅವನದಾಗಿತ್ತು.

ಮರುವರ್ಷ ಹೋದರೆ, ಸರೋವರದಲ್ಲಿ ನೀರು.
ಪಾದ ಮುಳುಗುವಷ್ಟು, ಮೋಡದ ಮುಖ ಕಾಣುವಷ್ಟು.
ಓಟ ರದ್ದು. ಯಾರೂ ಮನೆಗೆ ಹೊರಡಲಿಲ್ಲ.
ದಡದ ಕೆಸರಿಗೆ ಜಮಖಾನ ಹಾಸಿ ಕೂತೆವು,
ಬೇರಿಂಗುಗಳ ಮಾತು, ಗಾಳಿಯ ಮಾತು, ಆರಿದ ಚಹಾ.
ತಿಂದ ಉಪ್ಪಿಗೆ ಕುಡಿಯಬೇಕಾದ ನೀರು ಎದುರಿಗೇ ಇತ್ತು.

ಡಾಕ್ಟರನ ಸೊಸೆಯ ತಮ್ಮ, ಹೊಸ ಹುಡುಗ,
ಇನ್ನೂ ಶುಭ್ರವಾದ ಬೂಟು,
'ಇಷ್ಟು ದೂರ ಬಂದು ಇದೇನು ನೋಡುವುದು' ಎಂದು ಗೊಣಗುತ್ತ
ಅಂಚಿಗೆ ನಡೆದ,
ಬಾಗಿದ,
ಬೆರಳು ಅದ್ದಿ ಬಾಯಿಗಿಟ್ಟ.

ನಾವ್ಯಾರೂ ಅವನನ್ನು ತಡೆಯಲಿಲ್ಲ.