ಓರೆನೋಟ

ನೆತ್ತಿಯ ಮೇಲಿಂದ ನೋಡಿದರೆ ನನ್ನ ಕಸುಬೇ ಇಲ್ಲ.
ದಾವಣಗೆರೆ ಅಂದರೆ ಬರೀ ತಾರಸಿ,
ನೀರಿನ ಟ್ಯಾಂಕುಗಳ ಕರಿ ಚುಕ್ಕೆ,
ಮಂಡಕ್ಕಿ ಭಟ್ಟಿಗಳ ತಗಡಿನ ಮೇಲೆ ಒಂದಿಷ್ಟು ಹೊಗೆ.
ಗೋಡೆಗಳೆಲ್ಲ ಗೆರೆ.
ಗೆರೆಯ ಮೇಲೆ ಯಾರು ಏನು ಬರೆದಾರು?

"ತಡಿ ಅಂಜಿನಣ್ಣ, ಓರೆ ಮಾಡ್ತೀನಿ" ಅಂದಳು ಶಬೀನಾ,
ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಹುಡುಗಿ.
ಒಂದು ಗುಂಡಿ ಒತ್ತಿದಳು;
ಮಲಗಿದ್ದ ಊರು ಮೊಣಕೈ ಊರಿ ಎದ್ದಿತು.
ಕಿಟಕಿ ಬಂದವು, ಮೆಟ್ಟಿಲು ಬಂದವು,
ಒಣಹಾಕಿದ ಸೀರೆಗೆ ಉದ್ದ ಬಂತು,
ಗಡಿಯಾರ ಕಂಬ ತನ್ನ ನೆರಳನ್ನು
ರಸ್ತೆಗೆ ಅಡ್ಡ ಮಲಗಿಸಿತ್ತು.

ಹಳೇ ಅರಳೆ ಗೋದಾಮು ಹುಡುಕಿದೆವು.
ದಕ್ಷಿಣದಿಂದ ನೋಡಿದರೆ ಬೆನ್ನು.
ಪೂರ್ವದಿಂದ, ಲಾಡ್ಜು ಅಡ್ಡ.
"ಇನ್ನೊಂದು ಸುತ್ತು ತಿರುಗಿಸವ್ವ."
ಬಡಗಲ ಮಗ್ಗುಲು ಬಂತು. ನನ್ನ ಗೋಡೆ.

ಈಗ ಅದರೆದುರು ಕಾಂಪ್ಲೆಕ್ಸು;
ಮೂರು ಗೇಣಿನ ಸಂದಿಯಲ್ಲಿ ಗೋಡೆಗೆ ಹಗಲೇ ಇಲ್ಲ.
ಇದು ಹಳೇ ಫೋಟೋ ಅಂತೆ.

ನವಿಲು ಮಾರ್ಕ್ ಬನಿಯನ್.
ಎಂಟಡಿ ಅಕ್ಷರ. ಸುತಳಿಗೆ ನೀಲಿ ಹಚ್ಚಿ ಗೆರೆ ಹೊಡೆದು
ಹನ್ನೊಂದು ದಿನ ಬೊಂಬಿನ ಮೇಲೆ ನೇತಾಡಿ ಬರೆದದ್ದು.
ಎಡತುದಿಗೆ ನವಿಲು.
ಅದರ ಕಣ್ಣೊಂದಕ್ಕೇ ಇಡೀ ಮಧ್ಯಾಹ್ನ ಹೋಗಿತ್ತು.
ಸಾಹುಕಾರರು ಕೆಳಗೆ ನಿಂತು ಮಂಡಕ್ಕಿ ಮೆಲ್ಲುತ್ತ
"ಬನಿಯನ್ನು ಕಾಣಬೇಕಯ್ಯ, ಕಣ್ಣಲ್ಲ" ಅಂದಿದ್ದರು.

ಶಬೀನಾ ಹತ್ತಿರ ಹೋದಳು.
ನವಿಲಿತ್ತು. ಬನಿಯನ್ ಇರಲಿಲ್ಲ.
"ನವಿಲು ಮಾ" ಅನ್ನುವಲ್ಲಿಗೆ ಅಕ್ಷರ ನಿಂತು
ಮುಂದೆಲ್ಲ ಬಿಳಿ.
ಬಿಳಿಯ ಅಂಚಿಗೆ ಏಣಿ,
ಏಣಿಯ ಮೇಲೆ ಜೋಳದ ಕಾಳಿನಷ್ಟು ಒಬ್ಬ.

"ಯಾವನೋ ಪಾಪಿ ಅಳಿಸ್ತಿದಾನೆ ನೋಡಣ್ಣ."

ನಾನು ಮಾತಾಡಲಿಲ್ಲ.
ಸುಣ್ಣಕ್ಕೆ ಅಂಟು ಕಲಸಿದ್ದು ನೆನಪಾಯಿತು.
ಸಿಮ್ ಕಂಪನಿಯವರು ಗೋಡೆ ಹಿಡಿದಿದ್ದರು.
ಬರೆಯೋ ಕೂಲಿಯೇ ಅಳಿಸೋದಕ್ಕೂ ಅಂದಾಗ
ಬೇರೆಯವರ ಕೈ ಯಾಕೆ ಅಂತ ನಾನೇ ಹೋದೆ.
ಬಲಗಡೆಯಿಂದ ಶುರು ಮಾಡಿದೆ,
ನವಿಲನ್ನು ಕೊನೆಗೆ ಇಟ್ಟುಕೊಂಡೆ.
ಮೇಲೆ ಒಂದು ಸದ್ದು ಹಾದುಹೋಗಿತ್ತು, ಹೌದು.
ತಲೆ ಎತ್ತಲಿಲ್ಲ;
ಸುಣ್ಣ ಕಣ್ಣಿಗೆ ಬೀಳುತ್ತೆ.

"ಪ್ರಿಂಟು ತೆಗೀಲಾ? ಅಡಿಗೆ ಹನ್ನೆರಡು ರೂಪಾಯಿ, ನಿಮಗೆ ಹತ್ತು."
"ನವಿಲಿನ ಕಣ್ಣಷ್ಟೇ ತೆಗಿ."
ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು.
ಪರದೆಯ ತುಂಬ
ಒಂದು ನೀಲಿ ಚೌಕ.