ಎರಿ ಮಣ್ಣಿಗೆ ಎರಡು ಟಾಯರು

ಇಂಡಿ ರೋಡಿನ ಅಂಗಡ್ಯಾಗ ದಸ್ತಗೀರಸಾಬ
ಒಂದೊಂದೇ ಉರುಳಿಸಿ ತಂದು ಗೋಡಿಗೆ ಆನಿಸಿದ.
"ಇದು ಅಗಲ, ಇದು ಸೋವಿ, ಇದನ್ನ ಎಲ್ಲಾರೂ ಒಯ್ತಾರ."
ಹೂವಿನ ಎಸಳಿನಂಗ ಒತ್ತೊತ್ತು ಅಚ್ಚು,
ನೋಡಾಕ ಚಂದ.

ಚಂದದ್ದೇ ಹಾಕಿದ್ದೆ ಹೋದ ಸಲ.
ಡೋಣಿ ದಂಡಿ ಎರಿಯೊಳಗ ಹತ್ತು ಮಾರು ಹೋಗೂದ್ರಾಗ
ಅಚ್ಚೆಲ್ಲ ಮೆತ್ತಿ, ಗಾಲಿ ನಾಕೂ ಕರೀ ಹೂರಣದ ಉಂಡಿ.
ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಕಡ್ಡಿ ತೂರಲಿಲ್ಲ.
ಅತ್ತ ಬಸಲಿಂಗವ್ವನ ಎಮ್ಮಿ, ಕರು ಅಡ್ಡ ಸಿಕ್ಕು ಒದರತಿತ್ತು;
ಇತ್ತ ನಾನು, ದನದ ಡಾಕ್ಟರು,
ಸಲಿಕಿ ಹಿಡಕೊಂಡು.

ನಡದೆ. ಹೆಜ್ಜಿಗೊಂದು ಸೇರು ಮಣ್ಣು,
ಚಪ್ಪಲಿ ಎತ್ತಿದರ ಹೊಲಾನೇ ಎದ್ದು ಬಂದಂಗ.
ಬಿಚ್ಚಿ ಬಗಲಾಗ ಇಟಗೊಂಡು ಬರಿಗಾಲಿಲೆ ಹೊಂಟಾಗ
ಬೆರಳ ಸಂದ್ಯಾಗಿಂದ ಮಣ್ಣು ಉಕ್ಕಿ
ತಾನೇ ಉದುರಿತು.
ಎಮ್ಮಿ ಉಳೀತು. ಕರು ಇಲ್ಲ.

"ಹಿಡಿತ ಎಂಥಾದ್ದು ಬೇಕ್ರಿ ಮೇಡಂ?"
ಹಿಡಿಯೂದು ಮಣ್ಣಿಗೇ ಗೊತ್ತೈತಿ ಸಾಬ್ರ,
ಬಿಡೂದು ತೋರಸ್ರಿ.

ಮೂಲ್ಯಾಗಿಂದ ಎಳದು ತಂದ, ಧೂಳು ಕುಂತದ್ದು.
ಸಣ್ಣ ಮೈ, ದೊಡ್ಡ ಹಲ್ಲು, ಹಲ್ಲಿಗೆ ಹಲ್ಲು ದೂರ.
ಸಂದಿಗೆ ಕೈ ಇಟ್ಟೆ,
ನಾಕೂ ಬೆರಳು ಇಳದವು.

"ಡಾಂಬರಿನ ಮ್ಯಾಲೆ ಗುಂಯ್ ಅಂತಾವ ಮತ್ತ,
ಊರಿಗೆಲ್ಲ ಕೇಳತೈತಿ."
ಕೇಳಲಿ.
ಬಸಲಿಂಗವ್ವ ಒಲಿ ಮುಂದಿಂದ ಎದ್ದು
ಬಿಸಿನೀರು ಇಡಲಿ.

ರೊಕ್ಕ ಎಣಿಸಿದೆ. ನಾಕಕ್ಕ ಸಾಲಲಿಲ್ಲ.
ಹಿಂದಿನವೆರಡು ಹಾಕ್ರಿ, ಅಂದೆ.
ಮುಂದಿನವು
ಇನ್ನಷ್ಟು ದಿನ ಚಂದ ಇರಲಿ.