ತೂಕದ ಚೀಟಿಯ ಬೆನ್ನಿಗೆ

ಅಲಿಯಾಗಾದ ದಡ. ಹಡಗು ಒಡೆಯುವ ಊರು.
ನಾನು ತೂಕದ ಕಟ್ಟೆಯವಳು:
ಲಾರಿ ಬಂತು, ಲಾರಿ ಹೋಯಿತು,
ಕಬ್ಬಿಣ ಇಷ್ಟು, ತುಕ್ಕು ಇಷ್ಟು.
ಇಜ್ಮಿರಿನಲ್ಲಿ ಎರಡು ವರ್ಷ ಗಣಿತ ಓದಿ ಬಿಟ್ಟವಳೆಂದು
ಇಲ್ಲಿ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಮರಳಿಗೆ ಮೂತಿಯೂರಿ ಮಲಗಿದ ಆ ಸರಕು ಹಡಗಿನ
ಹೊಟ್ಟೆಯೊಳಗೆ, ಎಡಬದಿಯ ಗೋಡೆಗೆ
ಯಾವನೋ ನಾವಿಕ ಬಿಳಿ ಬಣ್ಣದಲ್ಲಿ
ಮೊಣಕಾಲೆತ್ತರ ಬರೆದಿದ್ದ:

೭೩೯೩೯೧೩೩

ಬಲಕ್ಕೆ ಇನ್ನೂ ಎರಡು ಮಾರು ಖಾಲಿ ಗೋಡೆ.
"ಫೋನ್ ನಂಬರೋ?" ಎಂದ ಬಹ್ರಿ,
ತೊಕಾತಿನವನು, ಬೆಂಕಿಯಿಂದ ಉಕ್ಕು ಕೊಯ್ಯುವವನು.
ಇರಬಹುದು ಎಂದೆ.

ರಾತ್ರಿ ಚೀಟಿಯ ಬೆನ್ನಿಗೆ ಬರೆದುಕೊಂಡೆ.
ಏಳು ಕೋಟಿ ಮೂವತ್ತೊಂಬತ್ತು ಲಕ್ಷ
ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು.
ಮೂರರಿಂದ ಭಾಗಿಸಿದೆ, ಎರಡು ಉಳಿಯಿತು.
ಏಳರಿಂದ, ಮತ್ತೆ ಎರಡೇ.
ಹನ್ನೊಂದಕ್ಕೆ ನಾಲ್ಕು, ಹದಿಮೂರಕ್ಕೆ ಎಂಟು.
ಎಂಟು ಸಾವಿರದ ಐನೂರ ತೊಂಬತ್ತೆಂಟರ ತನಕ
ಹೋದರೆ ಸಾಕು, ಆಚೆಗೆ ಹುಡುಕಬೇಕಿಲ್ಲ.
ಐದು ರಾತ್ರಿ. ಸಾವಿರಕ್ಕೂ ಮಿಕ್ಕ ಭಾಗಾಕಾರ.
ಯಾವ ಹಲ್ಲಿಗೂ ಸಿಗಲಿಲ್ಲ.
ಹಡಗು ಒಡೆಯುವ ಊರಿನಲ್ಲಿ ಒಡೆಯದೆ ಕೂತಿತ್ತು.

ಮೂತಿಯ ಕಡೆಯಿಂದ ಕೊಯ್ಯುತ್ತ ಬರುತ್ತಾರೆ;
ಎಡಗೋಡೆಗೆ ಅದೇ ಬಲತುದಿ.
ಮೊದಲು ಖಾಲಿ ಜಾಗ ಹೋಯಿತು.
ಆಮೇಲೆ ಕೊನೆಯ ಮೂರು.

೭೩೯೩೯೧೩
ಕೂತು ನೋಡಿದೆ. ಇದೂ ಒಡೆಯದು.
೭೩೯೩೯೧
ಇದೂ.
೭೩೯೩೯
ಬಹ್ರಿಗೆ ಹೇಳಿದೆ. ಚಹಾದ ಲೋಟ ಹಿಡಿದು ನಕ್ಕ.
೭೩೯೩
ನಗಲಿಲ್ಲ.
೭೩೯
ಗಾಳಿ ಜೋರು, ಕ್ರೇನು ನಿಂತಿತ್ತು, ಕೆಲಸವಿಲ್ಲ.
ಅವನೇ ಬಂದು ಕೇಳಿದ: "ಇದು?"
ಇದೂ, ಎಂದೆ.
೭೩

ಕಳೆದಷ್ಟೂ ಕಳೆಯದ್ದು ಏನೋ ಇದೆ ಅದರಲ್ಲಿ
ಎಂದವನು ಅವನೇ, ನಾನಲ್ಲ.

"ಬಲಕ್ಕೆ ಅಷ್ಟು ಜಾಗವಿತ್ತಲ್ಲ, ಯಾಕೆ ನಿಲ್ಲಿಸಿದ?"
ಸೊನ್ನೆಯನ್ನೋ ಸಮವನ್ನೋ ಸೇರಿಸಿದರೆ ಎರಡು ಬಂದು ಸೀಳುತ್ತದೆ.
ಐದಕ್ಕೆ ಐದೇ ಶತ್ರು.
ಒಂದು, ಏಳು ಇಟ್ಟರೆ ಮೂರರ ಬಾಯಿಗೆ.
ಉಳಿದದ್ದು ಮೂರು, ಒಂಬತ್ತು: ಅವು ಸ್ವಲ್ಪ ಸತಾಯಿಸುತ್ತವೆ,
ಕೊನೆಗೆ ಅವೂ ಬಿರಿಯುತ್ತವೆ.
ಕತ್ತರಿಸಿದರೆ ತಾಳುತ್ತದೆ ಬಹ್ರಿ,
ಕೂಡಿಸಿದರೆ ತಾಳದು.

"ಬಣ್ಣ ಮುಗಿದಿತ್ತೇನೋ," ಎಂದು
ಕನ್ನಡಕ ಇಳಿಸಿ ಬೆಂಕಿ ಹೊತ್ತಿಸಿದ.

ಸಂಜೆ ಕೊನೆಯ ಹಲಗೆ ಬಂತು,
ಏಳು ಮಾತ್ರ, ಅಂಚಿನಲ್ಲಿ ಬಣ್ಣ ಸುಟ್ಟು ಗುಳ್ಳೆ.
ತೂಕ: ನಾನೂರ ಎಂಬತ್ತು ಕಿಲೋ.
ಎರಡು, ಮೂರು, ಐದು, ಯಾರು ಕೂಗಿದರೂ
ಓಗೊಡುವ ಸಂಖ್ಯೆ.
ಅದನ್ನೇ ಚೀಟಿಯ ಮುಂದುಗಡೆ ಬರೆದೆ.